ದೀಪ ಹಚ್ಚಿದ ಮೇಲೆ

ಮೂರನೇ ಸುತ್ತಿನ ಔಷಧಿ ಏರಿಸಿಕೊಂಡು ಬಂದ ರಾತ್ರಿ
ಸುಂಕಮ್ಮ ಹೊಟ್ಟೆ ಹಿಡಿದು ಎಂಟು ಸಲ ಎದ್ದಳು.
ಒಂಬತ್ತನೇ ಸಲ,
"ಎಣಿಸಬ್ಯಾಡ" ಅಂದಳು.

ಡಾಕ್ಟರಮ್ಮ ಗುಳಿಗೆ ಬರೆದ ಮೇಲೆ
ಪೆನ್ನು ಮುಚ್ಚುತ್ತಾ ಹೇಳಿದ್ದು:
ತಾಳಿದರೆ ಮೊಸರು ಕೊಡಿ, ಎರಡೆರಡೇ ಚಮಚ.
ಹೋಟೆಲಿನ ಬಕೀಟಿನದು ಬೇಡ, ನಿನ್ನೆಯದು ಬೇಡ,
ಹಾಲು ಚೆನ್ನಾಗಿ ಉಕ್ಕಿಸಿ
ಮನೆಯಲ್ಲೇ ಹೆಪ್ಪು ಹಾಕಿ.

ನಾನು ಇಪ್ಪತ್ತೆರಡು ವರ್ಷದಿಂದ ಬಳ್ಳಾರಿಯಲ್ಲಿ
ಹೊಸ ಜೀನ್ಸನ್ನು ಹಳೆಯದು ಮಾಡುವವನು.
ಮೊಳಕಾಲ ಹತ್ತಿರ ಎಷ್ಟು ಬಣ್ಣ ತಿಂದರೆ
ಯಾರೋ ಹತ್ತು ವರ್ಷ ಉಟ್ಟು ಸವೆಸಿದಂತೆ ಕಾಣುತ್ತದೆ,
ಗೊತ್ತು.
ಹಾಲು ಎಷ್ಟು ಬಿಸಿ ಇದ್ದಾಗ ಹೆಪ್ಪು ಬಿಡಬೇಕು,
ಗೊತ್ತಿರಲಿಲ್ಲ.

"ಬೆರಳು ಅದ್ದಿ ನೋಡು," ಮಲಗಿದ್ದಲ್ಲಿಂದಲೇ ಅಂದಳು,
"ಹತ್ತು ಎಣಿಸೋಗಂಟ ತಡಕೊಂಡ್ರೆ ಸರಿ."
ಬ್ಲೀಚು ತಿಂದ ಬೆರಳು ನನ್ನದು. ಮೂವತ್ತು ಎಣಿಸಿದೆ.
ಅವಳು ಕಿರುಬೆರಳು ಚಾಚಿದಳು,
ಅದಕ್ಕೂ ಔಷಧಿಯ ಜೋಮು.
ಒಂದು ಪಾತ್ರೆಯ ಮೇಲೆ ಎರಡು ಕೈ,
ಬಿಸಿ ಯಾವುದಕ್ಕೂ ತಿಳಿಯಲಿಲ್ಲ.
ಕೊನೆಗೆ ಪಾತ್ರೆಯನ್ನೇ ಎತ್ತಿ ಅವಳ ಕೆನ್ನೆಗೆ ಹಿಡಿದೆ.
ಕಣ್ಣು ಮುಚ್ಚಿದಳು.
"ಈಗ."

ಈಗ ಅಂದರೆ, ಹೆಪ್ಪೆಲ್ಲಿ?
ಆಸ್ಪತ್ರೆ ಅಲೆದ ವಾರದಲ್ಲಿ ನಮ್ಮದು ಸತ್ತಿತ್ತು,
ಅವ್ವನ ಕಾಲದಿಂದ ನಡೆದು ಬಂದದ್ದು
ಗೂಡಿನಲ್ಲಿ ಬೂಷ್ಟು ಹಿಡಿದು ಕೂತಿತ್ತು.
ಹೊರಗೆ ಕೌಲ್ ಬಜಾರಿನ ಲೈಟೆಲ್ಲ ಹತ್ತಿದ್ದವು.
ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ
ನಮ್ಮ ಓಣಿಯಲ್ಲಿ ಯಾರೂ ಕೊಡುವುದಿಲ್ಲ,
ಮರ್ಯಾದಸ್ಥರು ಕೇಳುವುದೂ ಇಲ್ಲ.

ಬಟ್ಟಲನ್ನು ಅಂಗಿಯೊಳಗೆ ಅವಿಸಿಕೊಂಡು
ಮಾಬುನ್ನಿಯ ಬಾಗಿಲಲ್ಲಿ ನಿಂತೆ.
ಅವಳು ಪೀಸಿನ ಲೆಕ್ಕಕ್ಕೆ ಪಾಕೀಟು ಹೊಲಿಯುತ್ತಿದ್ದಳು.
ನನ್ನ ಅಂಗಿ ನೋಡಿದಳು, ಮುಖ ನೋಡಿದಳು,
ಎದ್ದು ಹೋಗಿ
ಮೇನ್ ಸ್ವಿಚ್ಚು ಕೆಳಗೆಳೆದಳು.

ಫ್ಯಾನು ನಿಂತಿತು. ಮಶಿನ್ನು ಅರ್ಧ ಹೊಲಿಗೆಯಲ್ಲಿ ನಿಂತಿತು.
ಒಳಗಿಂದ ಮೊಮ್ಮಗಳು ಕೂಗಿದಳು, ಟೀವಿ ಹೋಯ್ತು ಅಂತ.
ಕತ್ತಲಲ್ಲಿ ಬಳೆ ಸದ್ದು, ಗಡಿಗೆಯ ಮುಚ್ಚಳದ ಸದ್ದು,
"ದೀಪ ಎಲ್ಲೈತಪ್ಪ? ತಗ.
ಜಲ್ದಿ ಹೋಗು, ಹಾಲು ಆರತೈತೆ."

ಬಳ್ಳಾರಿಯ ಏಪ್ರಿಲ್ಲಿನಲ್ಲಿ ಮೊಸರು
ನಾಲ್ಕು ತಾಸಿಗೆ ಹೆಪ್ಪುಗಟ್ಟಿ, ಎಂಟು ತಾಸಿಗೆ ಹುಳಿ.
ನಾನು ನಡುರಾತ್ರಿ ಎದ್ದು ಕಾದೆ.
ಮೆತ್ತಗಿನ ಅನ್ನ, ಚಿಟಿಕೆ ಉಪ್ಪು.
ಜೋಳದ ರೊಟ್ಟಿ ಕೇಳಬಾರದು,
ಖಾರದ ಶೇಂಗಾ ಹಿಂಡಿಯ ಹೆಸರೆತ್ತಬಾರದು.
ಒಂದು ತುತ್ತಿಗೇ ಚಮಚ ದೂಡಿದಳು:
"ಇದನ್ನ ತೆಗಿ. ಸಂಡೂರಿನ ಅದಿರೆಲ್ಲ
ನನ್ನ ಬಾಯಾಗೇ ಅನ್ಲೋಡ್ ಮಾಡ್ಯಾರೆ."
ಕೈಯಲ್ಲಿ ಕಲಸಿ ಕೊಟ್ಟೆ. ಬೆರಳು ನೆಕ್ಕಿದಳು.

ಆ ರಾತ್ರಿ ಮೂರೇ ಸಲ ಎದ್ದದ್ದು.
ಮೊಸರೋ, ಗುಳಿಗೆಯೋ, ಮೇನ್ ಸ್ವಿಚ್ಚೋ,
ನಾನು ವಿಚಾರಿಸಲು ಹೋಗಲಿಲ್ಲ.

ಐದನೇ ಸುತ್ತಿಗೆ ರಕ್ತದ ಬಿಳಿ ಕಣ ಇಳಿದವು.
ಹತ್ತು ದಿನ ಮೊಸರೂ ಬೇಡ ಅಂದರು.
ಆದರೂ ದಿನಾ ಒಂದು ಲೋಟ ಹಾಲಿಗೆ ಹೆಪ್ಪು ಬಿಟ್ಟೆ,
ಸತ್ತರೆ ಮತ್ತೆ ಯಾರ ದೀಪ ಆರಿಸಲಿ?
ಮೊಸರು ಮಾಬುನ್ನಿಯ ಮನೆಗೆ ಹೋಯಿತು,
ಅಲ್ಲಿಂದ ಕಟಿಂಗ್ ಮಾಸ್ತರ ವೀರೇಶಿಯ ಮನೆಗೆ,
ಅಲ್ಲಿಂದ ಎಲ್ಲಿಗೋ.
ಓಣಿಯಲ್ಲಿ ಈಗ ಯಾರ ಮಜ್ಜಿಗೆ ಕುಡಿದರೂ
ಸ್ವಲ್ಪ ನಮ್ಮದೇ ರುಚಿ.

ಹನ್ನೊಂದನೇ ದಿನ ಹಾಲು ಉಕ್ಕಿಸಿ ಇಳಿಸಿ
ಪಾತ್ರೆಯನ್ನು ಅವಳ ಕೆನ್ನೆಗೆ ಹಿಡಿದೆ.
"ಈಗ?"
"ಇನ್ನೂ ಇಲ್ಲ."
ಸ್ವಲ್ಪ ಹೊತ್ತು ಬಿಟ್ಟು, "ಈಗ?"
"ಇಲ್ಲ. ಹಂಗೇ ಹಿಡಕೊಂಡಿರು."

ನನಗೂ ಗೊತ್ತಿತ್ತು, ಅವಳಿಗೂ.
ಹಾಲು ಪೂರ್ತಿ ಆರುವ ತನಕ ಹಿಡಿದುಕೊಂಡಿದ್ದೆ.
ಆಮೇಲೆ ಎದ್ದು
ಮತ್ತೆ ಕಾಸಲು ಇಟ್ಟೆ.